ಕೂಸನ್ನು ಎತ್ತಿಕೊಳ್ಳುವವರಾರು?

ದಸರಾ ರಜೆ ಹತ್ತಿರವಾದಂತೆ ನಮ್ಮ ಭಾಗದ ಮನೆಗಳಲ್ಲಿ ಒಂದೇ ಪ್ರಶ್ನೆ: ಹೈದರಾಬಾದಿಗೆ ಯಾವಾಗ? ಮಕ್ಕಳ ಪಾಲಿಗೆ ಹೈದರಾಬಾದು ಎಂದರೆ ಈಗ ಚಾರ್ಮಿನಾರಲ್ಲ. ನೀರಿನ ಜಾರುಬಂಡೆ, ಆಕಾಶಕ್ಕೇರುವ ಚಕ್ರ, ಸಿನಿಮಾ ನಗರಿ. ತರಗತಿಯ ಒಂದು ಮಗು ಹೋಗಿಬಂದರೆ ಸಾಕು, ಉಳಿದ ಮನೆಗಳಲ್ಲಿ ಹಟ ಆರಂಭವಾಗುತ್ತದೆ. ಈ ಹಟಕ್ಕೆ ಮಣಿಯುವ ತಂದೆತಾಯಂದಿರಲ್ಲಿ ಅನೇಕರ ಮಡಿಲಲ್ಲಿ ಇನ್ನೂ ಕುತ್ತಿಗೆ ನಿಲ್ಲದ ಕೂಸೊಂದು ಇರುತ್ತದೆ. ಅದನ್ನು ಕರೆದೊಯ್ಯಬಹುದೇ, ಒಯ್ದರೆ ಹೇಗೆ ಎಂಬ ಮಾತನ್ನು ಹೊರಡುವ ಹಿಂದಿನ ರಾತ್ರಿಯವರೆಗೂ ಯಾರೂ ಎತ್ತುವುದಿಲ್ಲ. ನಾನೂ ಎತ್ತಿರಲಿಲ್ಲ.

ನಮ್ಮ ಎರಡನೆಯ ಮಗುವಿಗೆ ಆಗ ನಾಲ್ಕು ತಿಂಗಳು. ಹಿರಿಯಳು ಮಕ್ತಲಿನ ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ. ನಸುಕಿನಲ್ಲಿ ಹೊರಟು, ಸುಮಾರು 160 ಕಿಲೋಮೀಟರು ಸಾಗಿ, ನಗರದ ಹೊರವಲಯದ ಒಂದು ಮನರಂಜನಾ ಉದ್ಯಾನದ ಬಾಗಿಲಿಗೆ ಬಂದೆವು. ಮೊದಲ ಆಟದ ಸಾಲಿನಲ್ಲಿ ನಿಲ್ಲುವಾಗ ಮನೆಯಾಕೆ, "ನೀವ್ ಮಗಳ ಕೂಡ ಹೋಗಿ ಬರ್ರಿ, ನಾ ಕೂಸಿನ ಕೂಡ ಇಲ್ಲೇ ಕುಂದರ್ತೀನಿ" ಎಂದಳು. ಅರ್ಧ ಗಂಟೆಯ ಮಾತಾಗಿತ್ತು ಅದು, ಸಂಜೆಯವರೆಗೆ ನಡೆಯಿತು. ಒಂದು ಆಟ ಮುಗಿದರೆ ಇನ್ನೊಂದರ ಸಾಲು ಕರೆಯುತ್ತಿತ್ತು, ಮಗಳು ಕೈ ಜಗ್ಗುತ್ತಿದ್ದಳು. ನೆರಳು ಸರಿದಂತೆ ಆಕೆ ನಾಲ್ಕು ಸಲ ಬೆಂಚು ಬದಲಿಸಿದಳೆಂಬುದು ನನಗೆ ಆಮೇಲೆ ತಿಳಿಯಿತು. ಮರಳುವಾಗ ಮಹಬೂಬನಗರ ದಾಟುವವರೆಗೂ ಆಕೆ ಮಾತಾಡಲಿಲ್ಲ. ಬಳಿಕ ಒಂದೇ ಮಾತು: "ನನ್ನ ಟಿಕೆಟ್ಟಿನ ರೊಕ್ಕಾ ಚಪ್ಪಲಿ ಕಾಯಲಿಕ್ಕೆ ಕೊಟ್ಟಂಗಾತು."

ಉದ್ಯಾನದವರ ತಪ್ಪೇನೂ ಇರಲಿಲ್ಲ. ಲೆಕ್ಕ ತಪ್ಪಿದ್ದು ನನ್ನದು.

ಕೂಸನ್ನು ಜನಜಂಗುಳಿಗೆ ಒಯ್ಯುವುದು ನಮ್ಮವರಿಗೆ ಹೊಸದೇ? ದೀಪಾವಳಿಯ ನಂತರ ಕುರುಮೂರ್ತಿ ಜಾತ್ರೆಗೆ ನಡೆದು ಹೋಗುವ ಕುಟುಂಬಗಳನ್ನು ನೋಡಿರಿ. ಬಾಣಂತನ ಮುಗಿಸಿದ ತಾಯಿ, ಆರು ತಿಂಗಳ ಮಗು, ಜವಳ ತೆಗೆಸುವ ಹರಕೆ, ಎಲ್ಲವೂ ಜಾತ್ರೆಯಲ್ಲೇ. ಮರದ ಕೊಂಬೆಗೆ ಹಳೆಯ ನಾರಾಯಣಪೇಟೆ ಸೀರೆಯನ್ನು ಜೋಳಿಗೆ ಕಟ್ಟಿದರೆ ಕೂಸು ಎರಡು ಗಂಟೆ ನಿದ್ರಿಸುತ್ತದೆ. ನೂರು ಸಲ ಒಗೆದ ಆ ನೂಲಿನಷ್ಟು ಮೆತ್ತನೆಯ ಹಾಸಿಗೆ ಯಾವ ಅಂಗಡಿಯಲ್ಲೂ ಸಿಗದು. ಆದರೆ ಜಾತ್ರೆಯಲ್ಲಿ ಕೂಸನ್ನು ಕಾಪಾಡುತ್ತಿದ್ದುದು ಸೀರೆಯೊಂದೇ ಅಲ್ಲ. ಅಜ್ಜಿ, ಅತ್ತೆ, ಚಿಕ್ಕಮ್ಮ, ಓರಗಿತ್ತಿ, ಪಕ್ಕದ ಮನೆಯ ದೊಡ್ಡ ಹುಡುಗಿ ಹೀಗೆ ಹತ್ತಾರು ಕೈಗಳು. ತಾಯಿ ದೇವರ ದರ್ಶನವನ್ನೂ ಮಾಡುತ್ತಿದ್ದಳು, ಬಳೆಯಂಗಡಿಯನ್ನೂ ನೋಡುತ್ತಿದ್ದಳು. ಈಗಿನ ವಿಹಾರಕ್ಕೆ ಹೊರಡುವುದು ಗಂಡ, ಹೆಂಡತಿ, ಇಬ್ಬರು ಮಕ್ಕಳು. ಕೈಗಳು ನಾಲ್ಕು, ಅವುಗಳಲ್ಲಿ ಎರಡು ದೊಡ್ಡ ಮಗುವಿನ ಜೊತೆ ಸಾಲಿನಲ್ಲಿ ನಿಂತಿರುತ್ತವೆ. ಉಳಿದ ಎರಡು ಯಾರವು ಎಂದು ಕೇಳಬೇಕಾಗಿಲ್ಲ.

ನಮ್ಮ ಪಾಲಮೂರು ಸೀಮೆಯ ಕೂಸುಗಳು ಊರು ಬಿಟ್ಟು ಹೋಗುವುದು ಬಹುಮಟ್ಟಿಗೆ ವಿಹಾರಕ್ಕಾಗಿ ಅಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಮುಂಬಯಿ, ಪುಣೆ, ಬೆಂಗಳೂರಿನ ಕಟ್ಟಡಗಳಿಗೆ ದುಡಿಯಲು ಹೋದ ತಾಯಂದಿರು ಹಾಲು ಕುಡಿಯುವ ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡೇ ಹೋದರು. ಸಿಮೆಂಟಿನ ಧೂಳಿನ ನಡುವೆ ಇದೇ ಸೀರೆಯ ಜೋಳಿಗೆ ತೂಗುತ್ತಿತ್ತು. ಅಂತಹ ಮನೆಗಳ ಮಕ್ಕಳು ನಮ್ಮ ಕನ್ನಡ ಶಾಲೆಗಳಲ್ಲಿ ಇಂದಿಗೂ ಇದ್ದಾರೆ. ಅಂತಹ ಕುಟುಂಬವೊಂದು ನಾಲ್ಕು ಕಾಸು ಉಳಿಸಿ ಮಕ್ಕಳಿಗೆ ಆಟ ತೋರಿಸಲು ಹೊರಟರೆ, ಕೂಸಿಗೇಕೆ ಈ ಉಸಾಬರಿ ಎಂದು ಮೂಗು ಮುರಿಯುವುದು ನನಗೆ ಸರಿಕಾಣದು. ಹೋಗಲಿ, ಆದರೆ ತಿಳಿದು ಹೋಗಲಿ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ವರ್ಷ ತುಂಬದ ಕೂಸಿಗೆ ಅಲ್ಲಿ ಯಾವ ಆಟವೂ ಇಲ್ಲ. ಹೈದರಾಬಾದಿನ ದೊಡ್ಡ ಉದ್ಯಾನಗಳಲ್ಲಿ ಮಕ್ಕಳ ಟಿಕೆಟ್ಟು ನಿರ್ಧಾರವಾಗುವುದು ವಯಸ್ಸಿನಿಂದಲ್ಲ, ಎತ್ತರದಿಂದ. ಹುಟ್ಟುವಾಗ ಸುಮಾರು 50 ಸೆಂಟಿಮೀಟರು ಇರುವ ಮಗು ವರ್ಷ ತುಂಬುವಾಗ ಸುಮಾರು 75 ಸೆಂಟಿಮೀಟರು ಆಗುತ್ತದೆ. ಅಷ್ಟು ಎತ್ತರಕ್ಕೆ ಹಣ ಕೇಳುವುದಿಲ್ಲ, ಆಟಕ್ಕೂ ಬಿಡುವುದಿಲ್ಲ. ಇದರ ಹಿಂದೆ ಕಾರಣವಿದೆ. ಹಸುಳೆಯ ತಲೆ ಅದರ ಮೈಯುದ್ದದ ಕಾಲು ಭಾಗದಷ್ಟು ದೊಡ್ಡದು, ಕುತ್ತಿಗೆಯ ಸ್ನಾಯುಗಳು ದುರ್ಬಲ. ಜೋರಾಗಿ ಕುಲುಕಿದರೆ ಮೆದುಳಿಗೇ ಪೆಟ್ಟಾಗುವ ಅಪಾಯವಿದೆ. "ಮಡಿಲಲ್ಲೇ ಹಿಡಿದುಕೊಳ್ಳುತ್ತೇನೆ" ಎಂದು ಕಾವಲಿನವನೊಡನೆ ವಾದಿಸುವ ತಂದೆಯರನ್ನು ನಾನು ಕಂಡಿದ್ದೇನೆ. ಆ ಕಾವಲಿನವನು ಹೇಳುವುದೇ ಸರಿ.

ನೀರಿನ ಕೊಳವೂ ಹಾಗೆಯೇ. ಕೂಸಿನ ಮೈ ದೊಡ್ಡವರ ಮೈಗಿಂತ ಬಹುಬೇಗ ತಣ್ಣಗಾಗುತ್ತದೆ. ಆ ನೀರು ನೂರಾರು ಮಂದಿ ಇಳಿದ, ಕ್ಲೋರಿನ್ ಬೆರೆತ ನೀರು. ಕಾಲ್ಬೆರಳು ಅದ್ದಿಸಿ ಚಿತ್ರ ತೆಗೆದುಕೊಳ್ಳುವ ಆಸೆಯನ್ನು ಎರಡು ವರ್ಷ ಮುಂದಕ್ಕೆ ಹಾಕಿದರೆ ಯಾರಿಗೂ ನಷ್ಟವಿಲ್ಲ. ಧ್ವನಿವರ್ಧಕಗಳ ವಿಷಯದಲ್ಲಿ ಒಂದು ಸುಲಭದ ಪರೀಕ್ಷೆ ಇದೆ: ತೋಳಿನಳತೆಯಲ್ಲಿ ನಿಂತವರಿಗೆ ಕೇಳಿಸಲು ನೀವು ಕೂಗಿ ಮಾತನಾಡಬೇಕಾದರೆ ಆ ಜಾಗ ಕೂಸಿನ ಕಿವಿಗೆ ತಕ್ಕದ್ದಲ್ಲ.

ನಿಜವಾಗಿ ಅಂಜಬೇಕಾದದ್ದು ಬಿಸಿಲಿಗೆ. ಬೇಸಿಗೆ ರಜೆಯಲ್ಲಿ ನಮ್ಮ ಕಡೆ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸತಲ್ಲ. ಆ ದಿನಗಳಲ್ಲಿ ಕೂಸಿನೊಡನೆ ಹೊರಡಲೇಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಸಂಕ್ರಾಂತಿಯ ರಜೆ ಎಲ್ಲಕ್ಕಿಂತ ಉತ್ತಮ. ಬಿಸಿಲಿಗೆಂದು ತಳ್ಳುಗಾಡಿಯ ಮೇಲೆ ಬಟ್ಟೆ ಮುಚ್ಚುವವರಿದ್ದಾರೆ. ಒಳಗೆ ಗಾಳಿಯಾಡದೆ ಅದು ಒಲೆಯಂತಾಗುತ್ತದೆ. ಆರು ತಿಂಗಳೊಳಗಿನ ಮಗುವಿಗೆ ಬಿಸಿಲು ತಡೆಯುವ ಮುಲಾಮು ಹಚ್ಚುವುದೂ ತರವಲ್ಲ. ನೆರಳು, ಟೋಪಿ, ಸಡಿಲವಾದ ಹತ್ತಿಯ ಅಂಗಿ, ಇವೇ ಅದಕ್ಕೆ ಮದ್ದು. ಬಾಗಿಲು ಹಾಕಿದ ಕಾರಿನಲ್ಲಿ ಕೂಸನ್ನು ಎರಡು ನಿಮಿಷವೂ ಬಿಟ್ಟು ಹೋಗಬಾರದು.

ಸೆಕೆಯಲ್ಲಿ ಕೂಸಿಗೆ ನೀರು ಕುಡಿಸಬೇಕೆಂದು ಹಿರಿಯರು ಹೇಳುತ್ತಾರೆ. ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ ಸಾಕು, ನೀರೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಸಿಲಿನ ದಿನಗಳಿಗೂ ಇದೇ ಅನ್ವಯ. ಆಗ ಹೆಚ್ಚು ಸಲ ಹಾಲುಣಿಸಬೇಕು. ನೀರು ಹೆಚ್ಚು ಕುಡಿಯಬೇಕಾದವಳು ತಾಯಿ. ಆದರೆ ಬೆಂಚಿನ ಮೇಲೆ ಒಬ್ಬಳೇ ಕುಳಿತ ತಾಯಿ ನೀರನ್ನೇ ಕುಡಿಯುವುದಿಲ್ಲ, ಏಕೆಂದರೆ ಶೌಚಾಲಯಕ್ಕೆ ಹೋಗುವಾಗ ಕೂಸನ್ನು ಯಾರ ಕೈಗೆ ಕೊಡುವುದು? ಇದನ್ನು ಯಾವ ವೈದ್ಯರೂ ನನಗೆ ಹೇಳಲಿಲ್ಲ. ಮನೆಯಾಕೆಯೇ ಮೂರು ದಿನ ಕಳೆದ ಮೇಲೆ ಹೇಳಿದಳು. ಕೂಸು ಮೂತ್ರ ಮಾಡುವುದು ಕಡಿಮೆಯಾದರೆ, ಬಾಯಿ ಒಣಗಿದರೆ, ನೆತ್ತಿ ಒಳಕ್ಕೆ ಇಳಿದಂತೆ ಕಂಡರೆ, ಮಂಕಾಗಿ ಮಲಗಿದರೆ ಆಟಗಳನ್ನು ಅಲ್ಲಿಗೇ ಬಿಟ್ಟು ಆಸ್ಪತ್ರೆಗೆ ಹೋಗಬೇಕು. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೂ ತಡಮಾಡುವಂತಿಲ್ಲ. ಅಂತಹ ವಯಸ್ಸಿನ ಕೂಸನ್ನು ಜನಸಂದಣಿಗೆ ಒಯ್ಯದಿರುವುದೇ ಮೇಲು. ಆರು, ಹತ್ತು, ಹದಿನಾಲ್ಕನೆಯ ವಾರದ ಚುಚ್ಚುಮದ್ದುಗಳು ಮುಗಿದಿರಬೇಕು. ದಡಾರದ ಲಸಿಕೆ ಸಿಗುವುದು ಒಂಬತ್ತು ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗೆ ಕಾಯುವ ತಾಳ್ಮೆ ಇದ್ದವರು ಕಾಯಲಿ. ಲಸಿಕೆಯ ಕಾರ್ಡನ್ನು ಚೀಲದಲ್ಲಿ ಇಟ್ಟುಕೊಳ್ಳುವುದನ್ನು ಮರೆಯಬೇಡಿ.

ಇನ್ನು ದಾರಿ. 2023ರ ಡಿಸೆಂಬರ್ 9ರಿಂದ ತೆಲಂಗಾಣದ ಪಲ್ಲೆವೆಲುಗು ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ. ಉಳಿತಾಯವೇನೋ ದೊಡ್ಡದು, ಹಬ್ಬದ ದಿನಗಳಲ್ಲಿ ನೂಕುನುಗ್ಗಲೂ ಅಷ್ಟೇ ದೊಡ್ಡದು. ಕೂಸಿರುವವರಿಗೆ ನಾನು ರೈಲನ್ನೇ ಹೇಳುವೆನು. ಜಕ್ಲೇರಿನಿಂದ ಕೃಷ್ಣಾವರೆಗಿನ 37 ಕಿಲೋಮೀಟರು ಹೊಸ ಮಾರ್ಗ 2023ರ ಅಕ್ಟೋಬರ್ 1ರಂದು ಲೋಕಾರ್ಪಣೆಯಾಗಿ, ಮಕ್ತಲಿನವರು ಕಾಚಿಗುಡಕ್ಕೆ ನೇರವಾಗಿ ಹೋಗುವಂತಾಯಿತು. ಗದ್ವಾಲದವರಿಗೆ ಕಾಚಿಗುಡ–ಕರ್ನೂಲು ಮಾರ್ಗ ಮೊದಲಿನಿಂದಲೂ ಇದೆ. ನಾರಾಯಣಪೇಟೆಯವರ ಪಾಡು ಮಾತ್ರ ವಿಚಿತ್ರ; ಅವರ ಊರಿನ ಹೆಸರಿನಿಂದ 'ನಾರಾಯಣಪೇಟ ರೋಡ್' ಎಂದು ಪರಿಚಿತವಾದ ನಿಲ್ದಾಣ ಇರುವುದು ಗಡಿಯಾಚೆ, ಯಾದಗಿರಿ ಜಿಲ್ಲೆಯ ಸೈದಾಪುರದಲ್ಲಿ! ರೈಲಿನಲ್ಲಿ ಕೂಸನ್ನು ಎತ್ತಿಕೊಂಡು ನಾಲ್ಕು ಹೆಜ್ಜೆ ಅಡ್ಡಾಡಬಹುದು, ಒದ್ದೆ ಬಟ್ಟೆ ಬದಲಿಸಬಹುದು. ಐದು ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಆಸನ ಕೇಳದಿದ್ದರೆ ದರವಿಲ್ಲ.

ರಸ್ತೆಯಲ್ಲೇ ಹೋಗುವವರು ಮಹಬೂಬನಗರದ ಬಳಿಯ ಪಿಲ್ಲಲಮರ್ರಿಯಲ್ಲಿ ಇಳಿಯಬೇಕೆಂದು ನನ್ನ ಸಲಹೆ. ತೆಲುಗಿನಲ್ಲಿ ಅದರ ಹೆಸರೇ ಮಕ್ಕಳ ಆಲದಮರ. ಶತಮಾನಗಳ ಆ ವೃಕ್ಷಕ್ಕೆ ಗೆದ್ದಲು ಹತ್ತಿ, 2018ರಲ್ಲಿ ಆಸ್ಪತ್ರೆಯ ರೋಗಿಗೆ ಸಲೈನ್ ಏರಿಸುವಂತೆ ಔಷಧಿಯ ಬಾಟಲಿಗಳನ್ನು ತೂಗುಹಾಕಿ ಹನಿಹನಿಯಾಗಿ ಮದ್ದು ಕೊಟ್ಟರು. ಈ ಕಥೆಯನ್ನು ಹೇಳಿದರೆ ದೊಡ್ಡ ಮಕ್ಕಳು ಬಾಯಿ ತೆರೆದು ಕೇಳುತ್ತಾರೆ. ಅಷ್ಟರಲ್ಲಿ ಕೂಸಿನ ಹಾಲು, ತೇಗು, ನಿದ್ರೆ ಮುಗಿಯುತ್ತದೆ.

ಹೈದರಾಬಾದಿನಲ್ಲಿ ಎಲ್ಲಿಗೆ? ರಾವಿರ್ಯಾಲದ ವಂಡರ್‌ಲಾ 2016ರಲ್ಲಿ ತೆರೆಯಿತು. ಹೊರವರ್ತುಲ ರಸ್ತೆಯ ಪಕ್ಕದಲ್ಲೇ ಇರುವುದರಿಂದ ನಮ್ಮ ಕಡೆಯವರು ನಗರದ ಸಂಚಾರಕ್ಕೆ ಸಿಕ್ಕದೆ ತಲುಪಬಹುದು. 1996ರ ರಾಮೋಜಿ ಫಿಲ್ಮ್ ಸಿಟಿ ವಿಜಯವಾಡ ರಸ್ತೆಯಲ್ಲಿ, ನಮಗೆ ನಗರದ ಆಚೆ ಬದಿ. 1,666 ಎಕರೆಯ ಆ ನಗರಿಯಲ್ಲಿ ಬಸ್ಸು ಹತ್ತಿ ಇಳಿದು ನೋಡಬೇಕು; ಕೂಸನ್ನು ಹೊತ್ತವರಿಗೆ ಅದು ದೀರ್ಘವಾದ ದಿನ. ಕೂಸಿನ ಕಡೆಯಿಂದ ನೋಡಿದರೆ ಇವೆರಡಕ್ಕಿಂತ 1963ರ ನೆಹರೂ ಪ್ರಾಣಿ ಉದ್ಯಾನವೇ ವಾಸಿ: ಮರದ ನೆರಳು, ಬ್ಯಾಟರಿ ಗಾಡಿ, ಬೆಲೆಯೂ ಕಡಿಮೆ. ಸೋಮವಾರ ಮಾತ್ರ ರಜೆ. ಆದರೆ ಇದನ್ನು ನಾಲ್ಕನೆಯ ತರಗತಿಯವರ ಮುಂದೆ ಹೇಳಿ ಗೆದ್ದವರನ್ನು ನಾನು ಕಾಣೆ.

ನಾನೂ ಗೆಲ್ಲಲಿಲ್ಲ. ಮರುವರ್ಷದ ಸಂಕ್ರಾಂತಿಗೆ, ಕೂಸಿಗೆ ಏಳು ತಿಂಗಳಾಗಿದ್ದಾಗ, ಮತ್ತೆ ಅದೇ ಉದ್ಯಾನಕ್ಕೆ ಹೋದೆವು. ಈ ಸಲ ನನ್ನ ತಾಯಿಯೂ ಬಂದಿದ್ದರು. ಬೆಳಿಗ್ಗೆ ಬಾಗಿಲಲ್ಲೇ ಸರದಿ ನಿಶ್ಚಯಿಸಿದೆವು. ಮೊದಲ ಎರಡು ಗಂಟೆ ನನ್ನದು. ಬಾಗಿಲ ಬಳಿಯ ತೆಲುಗು ಫಲಕವನ್ನು ಮಗಳು ಓದಿ ಹೇಳಿದಳು, ತಾನು ಯಾವ ಆಟಕ್ಕೆ ಸಾಲುವಷ್ಟು ಬೆಳೆದಿದ್ದೇನೆಂದು ಗೋಡೆಯ ಅಳತೆಗೆ ಬೆನ್ನು ಹಚ್ಚಿ ನೋಡಿಕೊಂಡಳು. ಬಳಿಕ ತಾಯಿಯ ಕೈಹಿಡಿದು ಓಡಿದಳು.

ಕೂಸು ಹತ್ತು ನಿಮಿಷ ಸುಮ್ಮನಿತ್ತು. ಅನಂತರ ಅತ್ತಿತು. ಒಂದು ಕೈಯಲ್ಲಿ ಮಗುವನ್ನು ಹಿಡಿದು ಇನ್ನೊಂದರಲ್ಲಿ ರಾಗಿ ಸರಿಯ ಡಬ್ಬಿಯ ಮುಚ್ಚಳ ತೆಗೆಯುವುದು ಎಂತಹ ವಿದ್ಯೆ ಎಂಬುದು ನನಗೆ ಆ ದಿನ ತಿಳಿಯಿತು. ಅವ್ವ ಪಕ್ಕದಲ್ಲೇ ಕುಳಿತು ನೋಡಿದರು, ಕೈ ನೀಡಲಿಲ್ಲ. "ನಿಮ್ಮ ಪಾಳಿ ಅಲ್ಲೇನು, ನೀನs ಮಾಡು" ಎಂದು ನಕ್ಕರು. ನಾನೂ ಎರಡು ಸಲ ಬೆಂಚು ಬದಲಿಸಿದೆ. ಮೂರನೆಯ ಬೆಂಚಿನಲ್ಲಿ ಕೂಸು ನನ್ನ ಹೆಗಲ ಮೇಲೆ ನಿದ್ದೆ ಹೋಯಿತು, ನಾನು ಅಲುಗಾಡದೆ ಕುಳಿತೆ.

ಎರಡು ಗಂಟೆ ಕಳೆಯುವ ಹೊತ್ತಿಗೆ ಇಬ್ಬರೂ ಬಂದರು. ಮನೆಯಾಕೆಯ ತಲೆಗೂದಲು ಕೆದರಿತ್ತು, ಕೂಗಿ ಕೂಗಿ ಧ್ವನಿ ಬಿದ್ದಿತ್ತು. ಕೂಸನ್ನು ತೆಗೆದುಕೊಳ್ಳಲು ಕೈ ಚಾಚಿದವಳು ನಡುವೆಯೇ ನಿಲ್ಲಿಸಿ, "ಮಲಗೇದಲ್ಲ, ಏಳಸಬ್ಯಾಡ್ರಿ. ಆ ದೊಡ್ಡ ಚಕ್ರ ಒಂದ್ ಉಳದದ" ಎಂದಳು. ನಾನು ಉತ್ತರಿಸುವ ಮೊದಲೇ ತಾಯಿಮಗಳು ಸಾಲಿನ ಕಡೆಗೆ ತಿರುಗಿದ್ದರು.