ಕ್ರಿಸ್‌ಮಸ್ ಅಲಂಕಾರಕ್ಕೆ ಥರ್ಮಾಕೋಲ್ ಯಾಕೆ? ನಮ್ಮ ಹೊಲದಲ್ಲೇ ಇದೆ ಸಾಮಾನು

ಕ್ಯಾಲನೂರು: ರಾಗಿ ಕೊಯ್ಲು ಮುಗಿದು ಬಣವೆ ಹಾಕುವ ಹೊತ್ತಿಗೆ ಕ್ರಿಸ್‌ಮಸ್ ಬರುತ್ತೆ. ಕೋಲಾರ, ಬಂಗಾರಪೇಟೆ, ಕೆಜಿಎಫ್ ಅಂಗಡಿಗಳಲ್ಲಿ ನಕ್ಷತ್ರ, ಪ್ಲಾಸ್ಟಿಕ್ ಮರ, ಮಿಂಚುವ ಹಾರ ನೇತು ಬೀಳುತ್ತವೆ. ಆದರೆ ಮನೆ, ಊಟದ ಟೇಬಲ್ ಅಲಂಕಾರಕ್ಕೆ ಬೇಕಾದ ಬಹುಪಾಲು ಸಾಮಾನು ಹಳ್ಳಿಯ ಹಿತ್ತಲಲ್ಲೇ ಸಿಗುತ್ತೆ.

ಇದರಲ್ಲಿ ಕಾನೂನಿನ ವಿಷಯವೂ ಇದೆ. ಅಲಂಕಾರದ ಥರ್ಮಾಕೋಲ್ ಹಾಗೂ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚವನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ತಯಾರಿಕೆ, ದಾಸ್ತಾನು, ಮಾರಾಟ, ಬಳಕೆ ಯಾವುದೂ ನಡೆಯುವಂತಿಲ್ಲ. ಹಳೇ ಸ್ಟಾಕ್ ಇಟ್ಟುಕೊಂಡ ಅಂಗಡಿಯವರಿಗೆ ದಂಡ ಬೀಳಬಹುದು.

ಗೋದಲಿಗೆ ರಾಗಿ ಹುಲ್ಲು

1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಸಂತ ಫ್ರಾನ್ಸಿಸ್ ಗೋದಲಿ ಕಟ್ಟಿಸಿದಾಗ ಅದರಲ್ಲಿ ಇದ್ದದ್ದು ನಿಜವಾದ ಹುಲ್ಲು, ಎತ್ತು, ಕತ್ತೆ. ನಮ್ಮಲ್ಲೂ ಗೋದಲಿಯ ಚಾವಣಿ, ನೆಲಕ್ಕೆ ಎರಡು ಹಿಡಿ ಒಣ ರಾಗಿ ಹುಲ್ಲು ಸಾಕು. ಬಣ್ಣ, ಮಿಂಚಿನ ಪುಡಿ ಮಾತ್ರ ಹಾಕಬಾರದು. ಹಾಕದಿದ್ದರೆ ಹಬ್ಬ ಮುಗಿದ ಮೇಲೆ ಅದೇ ಹುಲ್ಲು ಹಸುವಿಗೆ ಮೇವಾಗುತ್ತೆ.

ಗೋದಲಿಯ ಸುತ್ತ ಹಸಿರು ಬೇಕೆಂದರೆ ರಾಗಿ ಮೊಳಕೆ ಹಾಕಬಹುದು. ಕರಾವಳಿ, ಗೋವಾ ಕಡೆಯ ಕ್ರೈಸ್ತ ಮನೆಗಳಲ್ಲಿ ಈ ರೂಢಿ ಇದೆ. ರಾಗಿಯನ್ನು ರಾತ್ರಿ ನೆನೆಸಿ, ಒಂದು ದಿನ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ನಂತರ ತಟ್ಟೆಯಲ್ಲಿ ತೆಳ್ಳಗೆ ಮಣ್ಣು ಹರಡಿ ಉದುರಿಸಿ, ದಿನಕ್ಕೆರಡು ಸಲ ನೀರು ಚಿಮುಕಿಸಿ. ಡಿಸೆಂಬರ್ ಚಳಿಗೆ ಪೈರು ನಿಧಾನ ಏಳುತ್ತೆ, ಹಾಗಾಗಿ 12ನೇ ತಾರೀಕಿನ ಹೊತ್ತಿಗೆ ಶುರು ಮಾಡಿದರೆ ಒಳ್ಳೇದು.

ಮರಕ್ಕೆ ಸರ್ವೆ ಕೊಂಬೆ

ದಕ್ಷಿಣ ಭಾರತದಲ್ಲಿ ಪೈನ್ ಬದಲು ಸರ್ವೆ ಮರದ ಕೊಂಬೆ ನಿಲ್ಲಿಸುವುದು ಹಳೇ ಪದ್ಧತಿ. ತೋಟದವರನ್ನು ಕೇಳಿ ಪಡೆಯಿರಿ, ರಸ್ತೆ ಬದಿಯ ಮರ ಮುರಿಯಬೇಡಿ. ಬಕೆಟ್ಟಿನಲ್ಲಿ ಒದ್ದೆ ಮರಳು ತುಂಬಿ ನೆಟ್ಟರೆ ಕೆಲವು ದಿನ ಹಸಿರಾಗಿರುತ್ತೆ. ಅದಕ್ಕೆ ತೂಗುಹಾಕಲು ರೇಷ್ಮೆ ಬೆಳೆಗಾರರ ಜಿಲ್ಲೆಯಲ್ಲಿ ಚೆಂದದ ವಸ್ತುವೇ ಇದೆ. ಚಿಟ್ಟೆ ಹೊರಬಂದು ತೂತಾದ ಗೂಡಿನಿಂದ ಉದ್ದನೆಯ ನೂಲು ಬರಲ್ಲ. ಅಂಥ ಗೂಡನ್ನು ದಾರದಲ್ಲಿ ಪೋಣಿಸಿದರೆ ಬಿಳಿ ಹಾರ ಆಗುತ್ತೆ. ನಕ್ಷತ್ರಕ್ಕೆ ಬಿದಿರು ಕಡ್ಡಿ, ಬಣ್ಣದ ಕಾಗದ ಸಾಕು.

ಟೇಬಲ್ ಮೇಲೆ ಸೇವಂತಿಗೆ

ಡಿಸೆಂಬರ್ ಮಧ್ಯದಿಂದ ಧನುರ್ಮಾಸ. ಮದುವೆ, ಗೃಹಪ್ರವೇಶ ನಿಲ್ಲುವುದರಿಂದ ಹೂವಿಗೆ ಬೇಡಿಕೆ ಇಳಿಯುತ್ತೆ. ಈ ಸಮಯದಲ್ಲಿ ಪ್ಲಾಸ್ಟಿಕ್ ಹೂವಿನ ಬದಲು ಎರಡು ಮೊಳ ಸೇವಂತಿಗೆ, ಒಂದಿಷ್ಟು ಗುಲಾಬಿ ಕೊಂಡರೆ ಆ ದುಡ್ಡು ನಮ್ಮ ರೈತರಿಗೇ ಸೇರುತ್ತೆ.

ಟೇಬಲ್ ಉದ್ದಕ್ಕೂ ಬಾಳೆ ಎಲೆ ಹಾಸಿ, ನಡುವೆ ಹಿತ್ತಾಳೆ ಚೊಂಬಿನಲ್ಲಿ ಹೂವು, ಪಕ್ಕದಲ್ಲಿ ಸೀಬೆ, ಕಿತ್ತಳೆ, ಮಣ್ಣಿನ ಹಣತೆ ಇಡಬಹುದು. ಕೇಕು, ಕಲ್‌ಕಲ್ ಹಂಚಲು ಅಡಿಕೆ ಹಾಳೆ ತಟ್ಟೆ ಆಗುತ್ತೆ.

ಈ ಎಚ್ಚರ ಇರಲಿ

* ನೀಲಗಿರಿ ಎಲೆಯಲ್ಲಿ ಎಣ್ಣೆ ಅಂಶ ಇದೆ, ಒಣ ಹುಲ್ಲಿನ ಹಾಗೇ ಬೇಗ ಹೊತ್ತಿಕೊಳ್ಳುತ್ತೆ. ಇವುಗಳ ಹತ್ತಿರ ಮೇಣದಬತ್ತಿ, ಹಣತೆ ಇಡಬೇಡಿ.
* ಕಣಗಿಲೆ ಹೂವು, ಎಲೆ ಎರಡೂ ವಿಷ. ಊಟದ ಟೇಬಲ್‌ಗೆ, ಮಕ್ಕಳ ಕೈಗೆ ಬೇಡ.
* ಸೀರಿಯಲ್ ಸೆಟ್ ವೈರು ಹಳೇದಾಗಿ ಸುಲಿದಿದ್ದರೆ ಹುಲ್ಲಿನ ಗೋದಲಿಗೆ ಸುತ್ತಬೇಡಿ.
* ಮಲಗುವ ಮುನ್ನ ದೀಪ ಆರಿಸಿ, ಸ್ವಿಚ್ ಆಫ್ ಮಾಡಿ.

ಅಂಗಡಿಯವರಿಗೂ ಇದರಲ್ಲಿ ವ್ಯಾಪಾರ ಇದೆ. ಬಿದಿರು ಕಡ್ಡಿ, ಬಣ್ಣದ ಕಾಗದ, ಹಣತೆ, ಹಾಳೆ ತಟ್ಟೆ ಈ ವರ್ಷ ಮಿಕ್ಕರೂ ಸಂಕ್ರಾಂತಿ, ಯುಗಾದಿ, ಜಾತ್ರೆಗಳಿಗೆ ಮಾರಬಹುದು. ಥರ್ಮಾಕೋಲ್ ನಕ್ಷತ್ರ ಮಿಕ್ಕರೆ ಮಾತ್ರ ಹಾಕಿದ ದುಡ್ಡೂ ಹೋಗುತ್ತೆ, ದಂಡದ ಭಯವೂ ಇರುತ್ತೆ.