ಇಳಕಲ್ ಸೀರೆಯನ್ನು ಕೊಳ್ಳುವ ಮುನ್ನ

ಹಬ್ಬ ಹತ್ತಿರ ಬಂತೆಂದರೆ ಮನೆಮನೆಗಳಲ್ಲಿ ಸೀರೆಯ ಮಾತು ಏಳುತ್ತದೆ. ಸ್ವದೇಶದ ಮಾಲನ್ನೇ ಕೊಳ್ಳಬೇಕು, ಅದರಲ್ಲೂ ನಮ್ಮ ನೇಕಾರರ ಕೈಯಿಂದ ಬಂದದ್ದನ್ನೇ ಕೊಳ್ಳಬೇಕು ಎಂಬ ಸದಾಶಯ ಬಹಳ ಜನರಿಗುಂಟು. ಅಂಗಡಿಗೆ ಹೋಗಿ, "ಒಂದು ಇಳಕಲ್ ಸೀರೆ ತೋರಿಸಿ" ಎನ್ನುತ್ತೇವೆ. ಅಂಗಡಿಯವರು ಹತ್ತು ಸೀರೆಗಳನ್ನು ಹರವುತ್ತಾರೆ. ಎಲ್ಲಕ್ಕೂ ಕೆಂಪು ಸೆರಗು, ಎಲ್ಲಕ್ಕೂ ಅಗಲವಾದ ದಡಿ. ಆದರೆ ಒಂದರ ಬೆಲೆ ಇನ್ನೊಂದರ ಮೂರರಷ್ಟು! ಅಗ್ಗದ್ದನ್ನು ಆರಿಸಿಕೊಂಡು, ನೇಕಾರರಿಗೂ ನೆರವಾಯಿತು, ನಮಗೂ ಉಳಿತಾಯವಾಯಿತು ಎಂದು ಸಮಾಧಾನದಿಂದ ಮನೆಗೆ ಬರುತ್ತೇವೆ. ಆ ಸೀರೆ ಇಳಕಲ್ಲಿನ ಮುಖವನ್ನೇ ಕಂಡಿರದಿದ್ದರೆ, ನಾವು ನೆರವಾದದ್ದು ಯಾರಿಗೆ?

ಈ ಪ್ರಶ್ನೆಗೆ ಉತ್ತರ ಸೀರೆಯಲ್ಲೇ ಇದೆ. ಅದನ್ನು ಓದುವುದನ್ನು ಕಲಿಯಬೇಕು, ಅಷ್ಟೆ.

ಬಟ್ಟೆ ಎಂದರೆ ಹಾಸು ಮತ್ತು ಹೊಕ್ಕು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದಿರುವ ಎಳೆಗಳು ಹಾಸು, ಲಾಳಿಯೊಡನೆ ಅಡ್ಡಡ್ಡಲಾಗಿ ಓಡಾಡುವ ಎಳೆ ಹೊಕ್ಕು. ಸಾಮಾನ್ಯ ಸೀರೆಗಳಲ್ಲಿ ಹಾಸು ಒಂದೇ. ಒಡಲಿನಲ್ಲಿ ಓಡಿದ ಎಳೆಗಳೇ ಸೆರಗಿನ ತುದಿಯವರೆಗೂ ಓಡುತ್ತವೆ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಹಾಗಲ್ಲ. ಅಲ್ಲಿನ ಸಾಂಪ್ರದಾಯಿಕ ಸೀರೆಯಲ್ಲಿ ಒಡಲಿಗೆ ಹತ್ತಿಯ ಹಾಸು, ಸೆರಗಿಗೆ ಬೇರೆಯೇ ಆದ ಕೆಂಪು ರೇಷ್ಮೆಯ ಹಾಸು. ಈ ಎರಡು ಹಾಸುಗಳನ್ನು ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಇದಕ್ಕೆ ಕೊಂಡಿ ಎಂದು ಹೆಸರು. ಸೀರೆಯ ಅಗಲದಲ್ಲಿರುವ ಸಾವಿರಾರು ಎಳೆಗಳಿಗೂ ಈ ಕೊಂಡಿ ಬೀಳಬೇಕು. ಆಮೇಲೆ ಆ ಕೆಂಪು ನೆಲದ ಮೇಲೆ ಬಿಳಿಯಲ್ಲಿ ಬಾಚಣಿಗೆಯ ಹಲ್ಲು, ಕೋಟೆಯ ಕೊತ್ತಳ, ಜೋಳದ ತೆನೆಗಳ ಆಕಾರ ಏಳುತ್ತದೆ. ಇದೇ ತೋಪುತೆನೆ ಸೆರಗು. ದಡಿಗಳಿಗೂ ಗೋಮಿ, ಚಿಕ್ಕಿ ಪರಾಸ, ಗಾಯತ್ರಿ ಎಂದು ಬೇರೆ ಬೇರೆ ಹೆಸರುಗಳಿವೆ. ಆ ಕಡೆಯ ಅಜ್ಜಿಯರನ್ನು ಕೇಳಿದರೆ ದೂರದಿಂದಲೇ ದಡಿಯನ್ನು ಕಂಡು ಹೆಸರು ಹೇಳಿಯಾರು.

ಬೆಲೆಯ ಗುಟ್ಟೂ ಈ ಕೊಂಡಿಯಲ್ಲೇ ಅಡಗಿದೆ. ಯಂತ್ರದ ಲಾಭವಿರುವುದು ಉದ್ದನೆಯ ಹಾಸಿನಲ್ಲಿ. ಒಮ್ಮೆ ಹಾಸು ಏರಿಸಿದರೆ ಸೀರೆಯ ಮೇಲೆ ಸೀರೆ ನೇಯುತ್ತ ಹೋಗಬಹುದು. ಕೊಂಡಿಯ ಸೀರೆಗೆ ಆ ಅನುಕೂಲವಿಲ್ಲ. ಆರು ಗಜವಾಗಲಿ, ಎಂಟು ಗಜವಾಗಲಿ, ಒಂಬತ್ತು ಗಜವಾಗಲಿ, ಒಂದು ಸೀರೆಗೆ ಬೇಕಾದಷ್ಟೇ ಹಾಸನ್ನು ಸಿದ್ಧಮಾಡಿ, ಕೊಂಡಿ ಹಾಕಿ, ಮಗ್ಗಕ್ಕೆ ಏರಿಸಿ, ನೇಯ್ದು ಮುಗಿಸಿ, ಮುಂದಿನ ಸೀರೆಗೆ ಮತ್ತೆ ಮೊದಲಿನಿಂದ ಆರಂಭಿಸಬೇಕು. ಮಗ್ಗದ ಮುಂದೆ ಕುಳಿತವರು ಒಬ್ಬರಾದರೂ ಅವರ ಹಿಂದೆ ಇಡೀ ಮನೆ ಇರುತ್ತದೆ. ನೂಲಿಗೆ ಬಣ್ಣ ಕಟ್ಟುವುದು, ಗಂಜಿ ಹಚ್ಚುವುದು, ಕಂಡಿಕೆ ಸುತ್ತುವುದು, ಕೊಂಡಿ ಹಾಕುವುದು, ಇವುಗಳಲ್ಲಿ ಹೆಚ್ಚಿನವು ಹೆಂಗಸರ ಕೈಗೆ ಬಂದ ಕೆಲಸಗಳು. 2019-20ರ ಅಖಿಲ ಭಾರತ ಕೈಮಗ್ಗ ಗಣತಿಯಲ್ಲಿ ದೇಶದ ಕೈಮಗ್ಗ ಕೆಲಸಗಾರರು ಸುಮಾರು 35 ಲಕ್ಷ ಎಂದು ಲೆಕ್ಕ ಸಿಕ್ಕಿತು. ಅವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಮಂದಿ ಹೆಂಗಸರು.

ಈ ಕೆಲಸಗಾರರಲ್ಲಿ ಬಹಳ ಮಂದಿ ನೂಲನ್ನು ಸಾಹುಕಾರರಿಂದ ಪಡೆದು, ಸೀರೆಗೆ ಇಷ್ಟೆಂದು ಕೂಲಿಗೆ ನೇಯುವವರು. ನೂಲಿನ ಬೆಲೆ ಅವರ ಕೈಯಲ್ಲಿಲ್ಲ, ಬಣ್ಣದ ಬೆಲೆಯೂ ಇಲ್ಲ. ಪೇಟೆಯಲ್ಲಿ ನಕಲಿ ಸೀರೆ ಮೂರನೆಯ ಒಂದು ಬೆಲೆಗೆ ಮಾರಿದರೆ ಅಸಲಿನ ಬೆಲೆಯೂ ಕುಗ್ಗಬೇಕಾಗುತ್ತದೆ. ಕುಗ್ಗಿಸಲು ಉಳಿದಿರುವುದು ಕೂಲಿ ಒಂದೇ. ಕೂಲಿ ಸಾಲದಾದಾಗ ಮಗ್ಗ ನಿಲ್ಲುತ್ತದೆ. ಆ ಮನೆಯ ಮಕ್ಕಳು ಕೊಂಡಿ ಹಾಕುವುದನ್ನು ಕಲಿಯದೆಯೇ ಬೇರೆ ಕೆಲಸಕ್ಕೆ ಹೋಗುತ್ತಾರೆ.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ವಿದ್ಯುತ್ ಮಗ್ಗದವರು ನಮಗೆ ವೈರಿಗಳಲ್ಲ. ಅದೇ ಜಿಲ್ಲೆಯ ರಬಕವಿ-ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗವನ್ನೇ ನಂಬಿ ಬಾಳುವ ಕುಟುಂಬಗಳು ಎಷ್ಟೋ ಇವೆ. ಅವರ ಬಟ್ಟೆಯನ್ನು ಅವರ ಬಟ್ಟೆಯೆಂದೇ ತಿಳಿದು, ಅದರ ಬೆಲೆ ಕೊಟ್ಟು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ತಪ್ಪಿರುವುದು ಕೈಮಗ್ಗದ ಹೆಸರು ಹೇಳಿ ಅದನ್ನು ಮಾರುವುದರಲ್ಲಿ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ 1985ರಲ್ಲಿ ಆಯಿತು. ಮೊದಲು 22 ಬಗೆಗಳಿದ್ದ ಪಟ್ಟಿ ಮುಂದೆ 11ಕ್ಕೆ ಇಳಿಯಿತು. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಆದರೂ ಕಾಯಿದೆಯ ಕಣ್ಣು ಪ್ರತಿಯೊಂದು ಅಂಗಡಿಯ ಕಪಾಟಿನವರೆಗೆ ಹೋಗಲಾರದು. ಕೊಳ್ಳುವವರ ಕಣ್ಣೇ ಹೋಗಬೇಕು.

ಅಂಗಡಿಯಲ್ಲಿ ಸೀರೆಯನ್ನು ಪೂರ್ತಿ ಬಿಡಿಸಿ, ಒಡಲು ಮತ್ತು ಸೆರಗು ಕೂಡುವ ಜಾಗವನ್ನು ಬೆಳಕಿಗೆ ಹಿಡಿಯಿರಿ. ಕೊಂಡಿ ಇದ್ದರೆ ಅಲ್ಲಿ ಹಾಸಿನ ಬಣ್ಣವೇ ಬದಲಾಗುತ್ತದೆ. ನೀಲಿ ಅಥವಾ ಹಸಿರು ಎಳೆ ಅಲ್ಲಿಗೆ ನಿಂತು, ಕೆಂಪು ಎಳೆ ತೊಡಗುತ್ತದೆ. ಸೆರಗಿನ ಕೆಂಪು ತುಂಬು ಕೆಂಪಾಗಿರುತ್ತದೆ. ನಕಲಿಯಲ್ಲಿ ಸಾಮಾನ್ಯವಾಗಿ ಒಡಲಿನ ಎಳೆಯೇ ಸೆರಗಿನಲ್ಲೂ ಮುಂದುವರಿದು, ಕೆಂಪು ಕೇವಲ ಹೊಕ್ಕಿನಿಂದ ಬಂದಿರುತ್ತದೆ. ಅದರಿಂದ ಆ ಕೆಂಪಿನಲ್ಲಿ ಒಡಲಿನ ಬಣ್ಣದ ಛಾಯೆ ಬೆರೆತು ಮಂಕಾಗಿ ಕಾಣುತ್ತದೆ. ಅಂಚಿನಲ್ಲಿ ಸೂಜಿಯ ತೂತುಗಳಿದ್ದರೆ ಕೈಮಗ್ಗ ಎಂದು ಕೆಲವರು ಹೇಳುವುದುಂಟು. ಅಂಥ ತೂತುಗಳು ವಿದ್ಯುತ್ ಮಗ್ಗದ ಬಟ್ಟೆಯಲ್ಲೂ ಇರಬಹುದು, ಅದೊಂದನ್ನೇ ನಂಬಬೇಡಿ.

ಮುದ್ರೆಗಳ ವಿಷಯದಲ್ಲಿಯೂ ಒಂದು ಗೊಂದಲವಿದೆ. 2004ರಲ್ಲಿ ಬಂದ ಸಿಲ್ಕ್ ಮಾರ್ಕ್ ರೇಷ್ಮೆ ಶುದ್ಧ ಎಂದಷ್ಟೇ ಹೇಳುತ್ತದೆ. ಯಾವ ಮಗ್ಗದಲ್ಲಿ ನೇಯ್ದದ್ದು ಎಂಬುದನ್ನು ಹೇಳುವುದಿಲ್ಲ. ಕೈಮಗ್ಗವೆಂದು ಹೇಳುವುದು 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್. ಎಷ್ಟೋ ಇಳಕಲ್ ಸೀರೆಗಳ ಸೆರಗಿಗೆ ಈಗ ಕೃತಕ ರೇಷ್ಮೆಯನ್ನು ಬಳಸುತ್ತಾರೆ. ಅದನ್ನು ಹಾಗೆಂದೇ ಹೇಳಿ ಮಾರಿದರೆ ಮೋಸವಲ್ಲ, ಕೈಕೆಲಸವೂ ಸುಳ್ಳಲ್ಲ. ಅನುಮಾನವಿದ್ದರೆ ಸೆರಗಿನ ಕುಚ್ಚಿನಿಂದ ಒಂದೆರಡು ಎಳೆ ಕಿತ್ತು ಮನೆಯಲ್ಲಿ ಸುಟ್ಟು ನೋಡಬಹುದು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಕರಿಯ ಬೂದಿ ಬೆರಳಿನಲ್ಲಿ ಪುಡಿಯಾಗುತ್ತದೆ. ಹತ್ತಿಯೂ ರೇಯಾನೂ ಕಾಗದದಂತೆ ಉರಿಯುತ್ತವೆ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ.

ನೇಕಾರರ ಸಹಕಾರ ಸಂಘದ ಮಳಿಗೆ ಅಥವಾ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆ ಹತ್ತಿರದಲ್ಲಿದ್ದರೆ ಮೊದಲು ಅಲ್ಲಿಗೆ ಹೋಗಿ ಒಂದು ಅಸಲು ಸೀರೆಯನ್ನು ಕೈಯಲ್ಲಿ ಹಿಡಿದು ನೋಡಿ ಬನ್ನಿ. ಆಮೇಲೆ ಬೇರೆ ಅಂಗಡಿಯ ಸೀರೆಯನ್ನು ಹೋಲಿಸುವುದು ಸುಲಭ. ಎಲ್ಲಿಯೇ ಕೊಳ್ಳಿ, ರಸೀತಿಯ ಮೇಲೆ "ಕೈಮಗ್ಗದ ಸೀರೆ" ಎಂದು ಬರೆದುಕೊಡಲು ಕೇಳಿ. ಬಾಯಲ್ಲಿ ಹತ್ತು ಸಲ ಹಾಗೆಂದ ಅಂಗಡಿಯವರು ಬರೆಯುವ ಹೊತ್ತಿಗೆ ಪೆನ್ನು ಹುಡುಕತೊಡಗಿದರೆ, ಸೀರೆಯನ್ನು ಮಡಿಸಿಟ್ಟು ಮುಂದಿನ ಅಂಗಡಿಗೆ ಹೋಗಬಹುದು.