ನಾಲೆ ಏರದ ಊರುಗಳು

ಶ್ರೀರಂಗಪಟ್ಟಣದಿಂದ ಪಾಂಡವಪುರದ ಮೇಲೆ ನಾಗಮಂಗಲಕ್ಕೆ ಹೊರಟವರಿಗೆ ತರಿ ಮುಗಿದು ಖುಷ್ಕಿ ಶುರುವಾಗುವ ಜಾಗ ತಾನಾಗಿಯೇ ತಿಳಿಯುತ್ತದೆ. ಭತ್ತ, ಕಬ್ಬು ಹಿಂದೆ ಉಳಿದು ರಾಗಿ, ಹುರುಳಿ ಎದುರಾಗುತ್ತವೆ. ಶ್ರೀರಂಗಪಟ್ಟಣದ ಗದ್ದೆಗಳಿಗೆ ಒಡೆಯರ ಕಾಲದ ನಾಲೆಗಳೇ ಇದ್ದವು. ಅದರಾಚೆಯ ಬಯಲಿನ ಹಣೆಬರಹ ಬದಲಿಸಿದ್ದು 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ. ಹುಲಿಕೆರೆ ಸುರಂಗದಿಂದ ಹೊರಬಿದ್ದ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ನೀರು ತಂದಿತು. 1933ರಲ್ಲಿ ಹುಟ್ಟಿದ ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆ ಕಬ್ಬಿಗೆ ಬೆಲೆ ತಂದಿತು.

ಬಡ ದೇಶ ಸಿರಿವಂತವಾಗಬೇಕಾದರೆ ಅಣೆಕಟ್ಟು, ಕಾರ್ಖಾನೆ, ಶಿಕ್ಷಣ ಮೂರೂ ಬೇಕೆಂಬ ಲೆಕ್ಕ ಈ ಕಟ್ಟೆಯ ಎಂಜಿನಿಯರ್ ವಿಶ್ವೇಶ್ವರಯ್ಯನವರದು. 1898ರಲ್ಲೇ ಜಪಾನ್ ನೋಡಿ ಬಂದಿದ್ದ ಅವರು, ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು 1934ರಲ್ಲಿ ಪುಸ್ತಕವನ್ನೇ ಬರೆದರು. ಮಂಡ್ಯದಲ್ಲಿ ಮೊದಲ ಎರಡು ಬಲು ಬೇಗ ಬಂದವು.

ನಾಲೆಯ ನೀರು ಜನರನ್ನು ಏನು ಮಾಡಿತು ಎಂದು ಹತ್ತಿರದಿಂದ ನೋಡಿದ್ದು ಹೊರಗಿನ ಹೆಣ್ಣುಮಗಳು. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ್ದ ಸ್ಕಾರ್ಲೆಟ್ ಎಪ್‌ಸ್ಟೈನ್ 1950ರ ದಶಕದ ನಡುವೆ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿ ನೆಲೆಸಿ ಅಧ್ಯಯನ ಮಾಡಿದರು. ಊರುಗಳ ನಿಜವಾದ ಹೆಸರು ಮರೆಮಾಚಿ ವಂಗಲ, ದಲೇನ ಎಂದು ಕರೆದರು. ವಂಗಲಕ್ಕೆ ನಾಲೆ ನೀರು ಬಂತು. ದಲೇನದ ನೆಲ ನಾಲೆಗಿಂತ ಎತ್ತರದಲ್ಲಿತ್ತು. ನೀರು ಪಕ್ಕದಲ್ಲೇ ಹರಿದರೂ ಹೊಲಕ್ಕೆ ಏರಲಿಲ್ಲ.

ಯಾವ ಊರು ಹೆಚ್ಚು ಬದಲಾಯಿತು? ನೀರು ಬಂದದ್ದೇ ಎಂದು ಎಲ್ಲರೂ ಹೇಳುತ್ತಾರೆ. ಆಕೆ ಕಂಡದ್ದು ಅದಲ್ಲ. ವಂಗಲದವರು ಗದ್ದೆ ಮಾಡಿ, ಕಬ್ಬು ಹಾಕಿ, ಕೈತುಂಬ ಕಾಸು ಕಂಡರು. ಆದರೆ ಒಡೆಯ ಒಡೆಯನಾಗಿಯೇ, ಆಳು ಆಳಾಗಿಯೇ ಉಳಿದರು. ಹೆಚ್ಚಿದ ದುಡಿಮೆ ಹಳೇ ನಂಟನ್ನೇ ಇನ್ನಷ್ಟು ಬಿಗಿ ಮಾಡಿತು. ದಲೇನದವರಿಗೆ ಊರಲ್ಲಿ ಕೂತರೆ ಹೊಟ್ಟೆ ತುಂಬುತ್ತಿರಲಿಲ್ಲ. ಗಾಡಿ ಹೊಡೆದರು, ವ್ಯಾಪಾರಕ್ಕಿಳಿದರು, ಗುತ್ತಿಗೆ ಹಿಡಿದರು, ಕಾರ್ಖಾನೆ ಸೇರಿದರು, ಅಕ್ಕಪಕ್ಕದ ಊರುಗಳಲ್ಲಿ ನೀರಾವರಿ ಜಮೀನು ಕೊಂಡರು. ಈ ಓಡಾಟದಲ್ಲಿ ಗೌಡಿಕೆಯೂ ಜೀತದ ನಂಟೂ ಸಡಿಲವಾದವು. ಈ ಕಥೆ 1962ರಲ್ಲಿ ಪುಸ್ತಕವಾಗಿ ಬಂತು. 1970ರಲ್ಲಿ ಆಕೆ ಮತ್ತೆ ಬಂದಾಗ ನೀರಾವರಿ ಊರಿನಲ್ಲಿ ಉಳ್ಳವರ ಮತ್ತು ಇಲ್ಲದವರ ನಡುವಿನ ಅಂತರ ಇನ್ನಷ್ಟು ಹಿಗ್ಗಿತ್ತು.

ನನ್ನ ಮಟ್ಟಿಗೆ ನಾಗಮಂಗಲ, ಕೆ.ಆರ್. ಪೇಟೆಗಳ ಬಹುಭಾಗ ದಲೇನದ್ದೇ ದೊಡ್ಡ ರೂಪ. ಇವಕ್ಕೆ ನೀರು ತರಬೇಕಿದ್ದ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ; ಕೊನೆ ಭಾಗದ ಊರುಗಳಿಗೆ ನಾಲೆ ಎಂದರೆ ಕಾಯುವುದು ಎಂದೇ ಅರ್ಥ. ಕಾಯದೆ ಹೊರಟವರೇ ಹೆಚ್ಚು. ನಾಗಮಂಗಲದವರು ಬೆಂಗಳೂರಿಗೆ ಬಂದರು, ಕೆ.ಆರ್. ಪೇಟೆಯವರು ಅಲ್ಲಿಗೆ ನಿಲ್ಲದೆ ಮುಂಬಯಿ ತಲುಪಿ ಹೋಟೆಲ್ ಕೆಲಸ, ಆಟೊ, ಸಣ್ಣಪುಟ್ಟ ವ್ಯವಹಾರ ಹಿಡಿದರು. ಅಲ್ಲಿ ಕಾಸು ಮಾಡಿ ಬಂದ ಕೆ.ಸಿ. ನಾರಾಯಣಗೌಡರು ಇಲ್ಲಿ ಶಾಸಕರಾಗಿ ಮಂತ್ರಿಯೂ ಆದರು. ಈ ವಲಸೆಯ ಗಾತ್ರ ಸರ್ಕಾರದ ಕಣ್ಣಿಗೆ ಬಿದ್ದದ್ದು 2020ರ ಮೇ ತಿಂಗಳಲ್ಲಿ, ಕೊರೊನಾ ಕಾಲಕ್ಕೆ ಮುಂಬಯಿಯಿಂದ ಬಂದವರಿಂದ ಕೆ.ಆರ್. ಪೇಟೆಯ ಕ್ವಾರಂಟೈನ್ ಕೇಂದ್ರಗಳು ತುಂಬಿದಾಗ. ಗಲ್ಫ್ ಹಣದಿಂದ ಮನೆ ಕಟ್ಟಿದ ಕೇರಳದ ಬಗ್ಗೆ ಎಷ್ಟೋ ಗ್ರಂಥಗಳಿವೆ. ಮುಂಬಯಿ ಮನಿಯಾರ್ಡರಿನ ಮೇಲೆ ನಿಂತ ಈ ತಾಲ್ಲೂಕಿನ ಬಗ್ಗೆ ಬರೆಯುವವರಿಲ್ಲ.

ಅತ್ತ ನೀರಿನ ಊರಿನ ಆಲೆಮನೆ ನೋಡಿ. ಗಾಣಕ್ಕೆ ಕಬ್ಬು ಕೊಡುವವರು, ಕೊಪ್ಪರಿಗೆಯ ಕೆಳಗೆ ಒಣಗಿದ ರಚ್ಚು ತಳ್ಳುವವರು, ಬಿಸಿ ಪಾಕವನ್ನು ಅಚ್ಚಿಗೆ ಸುರಿಯುವವರು ಈಗ ಎಷ್ಟೋ ಕಡೆ ಹಿಂದಿ ಮಾತಾಡುತ್ತಾರೆ. ಕೆ.ಆರ್. ಪೇಟೆಯ ಹುಡುಗ ಮುಂಬಯಿಗೆ ಹೋದ. ಉತ್ತರದ ಹುಡುಗ ಮಂಡ್ಯಕ್ಕೆ ಬಂದ. ಕಬ್ಬಿನ ಭರವಸೆಯೂ ಉಳಿಯಲಿಲ್ಲ: ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತುಹೋಗಿ, 2020ರಲ್ಲಿ 40 ವರ್ಷದ ಗುತ್ತಿಗೆಗೆ ಖಾಸಗಿಯವರ ಪಾಲಾಯಿತು. ಕೆ.ಎಸ್. ಪುಟ್ಟಣ್ಣಯ್ಯನವರಂಥ ರೈತ ನಾಯಕ ಹುಟ್ಟಿ ಬೆಳೆದ ತಾಲ್ಲೂಕೇ ಇದು. ಕಬ್ಬಿನ ಬೆಲೆಗೆ, ಬಾಕಿಗೆ ಹೋರಾಡಿದ ನೆಲದಲ್ಲೂ 2015ರಲ್ಲಿ ರೈತರು ಸಾಲು ಸಾಲಾಗಿ ಜೀವ ಕಳೆದುಕೊಂಡರು.

ಹಣವಿದ್ದಲ್ಲಿ ಸಾಮಾಜಿಕ ಏಳಿಗೆ ತಾನಾಗಿ ಬರುತ್ತದೆಂಬ ನಂಬಿಕೆಯನ್ನು ಅರ್ಥಶಾಸ್ತ್ರಜ್ಞರಾದ ಮಹಬೂಬ್ ಉಲ್ ಹಕ್, ಅಮರ್ತ್ಯ ಸೇನ್ ಪ್ರಶ್ನಿಸಿದರು. 1990ರಿಂದ ವಿಶ್ವಸಂಸ್ಥೆ ಮಾನವ ಅಭಿವೃದ್ಧಿ ಸೂಚ್ಯಂಕ ಲೆಕ್ಕ ಹಾಕುತ್ತಿರುವುದು ಅದಕ್ಕೇ. ಮಂಡ್ಯದಲ್ಲಿ ಆ ಪ್ರಶ್ನೆಗೆ ಕರಾಳ ಉತ್ತರ ಸಿಕ್ಕಿತು. 2023ರಲ್ಲಿ ಬೆಂಗಳೂರು ಪೊಲೀಸರು ಭೇದಿಸಿದ ಹೆಣ್ಣು ಭ್ರೂಣಹತ್ಯೆ ಜಾಲ ಸ್ಕ್ಯಾನಿಂಗ್ ನಡೆಸುತ್ತಿದ್ದದ್ದು ಜಿಲ್ಲೆಯ ಆಲೆಮನೆಯೊಂದರಲ್ಲಿ. ಬೆಲ್ಲ ಬೇಯುವ ಜಾಗದಲ್ಲಿ ಆ ಯಂತ್ರ! ಮುಂದಿನ ವರ್ಷ ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಇಂಥದ್ದೊಂದು ಪ್ರಕರಣ ಬಯಲಾಯಿತು.

ಇದರ ಲೆಕ್ಕ ಬಂದದ್ದು ಮದುವೆ ಮಾತುಕತೆಯಲ್ಲಿ. 2022ರ ನವೆಂಬರಿನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ಒಕ್ಕಲಿಗರ ವಧು–ವರರ ಸಮಾವೇಶ ನಡೆದಾಗ ಗಂಡುಗಳು ಸಾವಿರಗಟ್ಟಲೆ ಬಂದರು, ಹೆಣ್ಣುಗಳು ಕೆಲವೇ ನೂರು. ಮೂರು ತಿಂಗಳ ಬಳಿಕ ಜಿಲ್ಲೆಯ ಅವಿವಾಹಿತ ರೈತರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಹಿಂದೆ ನಾಲೆ ಬಯಲಿನಲ್ಲಿ ಎರಡೆಕರೆ ಗದ್ದೆಯಿದ್ದರೆ ಹೆಣ್ಣಿನ ಕಡೆಯವರೇ ಹುಡುಕಿಕೊಂಡು ಬರುತ್ತಿದ್ದರು. ಈಗ ಅವರು ಕೇಳುವುದು ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಇದೆಯೇ ಎಂದು. ನಾಗಮಂಗಲದ ಖುಷ್ಕಿಯವನೋ, ಪಾಂಡವಪುರದ ತರಿಯವನೋ ಎಂಬುದು ಆಮೇಲಿನ ಮಾತು.